ಕಲ್ಲಿನ ಧೂಳು, ಸಹೋದರನ ಉಸಿರು

ಟೇಕಲ್ ಸುತ್ತಲಿನ ಬಂಡೆಗಳಲ್ಲಿ ಕಲ್ಲುಕುಟಿಗರ ಸುತ್ತಿಗೆಯ ಸದ್ದು ಕೇಳಿದಾಗಲೆಲ್ಲ ನನ್ನ ಮನಸ್ಸು ಇದೇ ಜಿಲ್ಲೆಯ ಕೋಲಾರ ಚಿನ್ನದ ಗಣಿಯತ್ತ ಹರಿಯುತ್ತದೆ. ಇಲ್ಲಿ ಬಯಲು, ಅಲ್ಲಿ ಮೂರು ಕಿಲೋಮೀಟರಿಗೂ ಮಿಕ್ಕ ಆಳ. ಆದರೂ ಎರಡೂ ಕಡೆ ಕಲ್ಲಿನ ಧೂಳೇ ಉಸಿರಿನ ಶತ್ರು. ಅದರಿಂದ ಬರುವ ಸಿಲಿಕೋಸಿಸ್ ರೋಗವನ್ನು ತಡೆಯಬಹುದೇ ಹೊರತು ವಾಸಿಮಾಡಲಾಗದು.

ನೀರು ಹಾಯಿಸಿ ಕೊರೆದರೆ ಧೂಳು ಬಹಳಷ್ಟು ಅಡಗುತ್ತದೆ. ಆದರೆ ದಿನಗೂಲಿಯವನೊಬ್ಬನೇ “ನೀರಿಲ್ಲದೆ ಕೊರೆಯಲಾರೆ” ಎಂದರೆ ಮರುದಿನ ಅವನ ಜಾಗದಲ್ಲಿ ಮತ್ತೊಬ್ಬನಿರುತ್ತಾನೆ. ನೂರು ಮಂದಿ ಒಟ್ಟಾಗಿ ನುಡಿದರೆ ಮಾಲೀಕನು ಕಿವಿಗೊಡಲೇಬೇಕು. ಸಂಘದ ಬಲವಿರುವುದು ಇಲ್ಲಿಯೇ.

1930ರಲ್ಲಿ ಬೆರಳಚ್ಚು ನೋಂದಣಿಯನ್ನು ವಿರೋಧಿಸಿ ಚಿನ್ನದ ಗಣಿಯವರು ಮುಷ್ಕರ ಹೂಡಿದಾಗ ಅವರಿಗೊಂದು ಸಂಘವಿರಲಿಲ್ಲ. 1940ರ ದಶಕದಲ್ಲಿ ಸಂಘಗಳು ಬೇರೂರಿದವು. ಮುಂದೆ ದೇಶದ ಗಣಿ ನಿಯಮಗಳಲ್ಲಿ, ದೊಡ್ಡ ಗಣಿಗಳ ಸುರಕ್ಷತೆಯನ್ನು ಕಾರ್ಮಿಕರ ಪ್ರತಿನಿಧಿಯೇ ಪರಿಶೀಲಿಸುವ ಅವಕಾಶವೂ ಸೇರಿತು. 2001ರಲ್ಲಿ ಆ ಗಣಿ ಮುಚ್ಚಿತು. ಅದು ಕಲಿಸಿದ ಪಾಠ ಮುಚ್ಚಿಹೋಗಬಾರದು. ಅಲ್ಲಲ್ಲಿ ಚದುರಿ ದುಡಿಯುವ ಕಲ್ಲುಕುಟಿಗರಿಗೆ ಅದು ಇನ್ನೂ ಹೆಚ್ಚು ಅಗತ್ಯ.

ಜಗದ್ಗುರು ಹದಿಮೂರನೆಯ ಲಿಯೋರವರು 1891ರಲ್ಲಿಯೇ ‘ರೇರುಂ ನೊವಾರುಂ’ ವಿಶ್ವಪತ್ರದ ಮೂಲಕ ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದರು. ಹೀಗಿರುವಾಗ ಸಂಘವೆಂದರೆ ಬರೀ ಗಲಾಟೆ ಎಂದು ನಾವು ಮುಖ ತಿರುಗಿಸುವುದು ಸರಿಯೇ? ತಮ್ಮನೆಲ್ಲಿ ಎಂದು ದೇವರು ಕಾಯಿನನನ್ನು ಕೇಳಿದ ಪ್ರಶ್ನೆ ನಮಗೂ ಸಲ್ಲುತ್ತದೆ. ನಮ್ಮ ಮನೆಯ, ನಮ್ಮ ದೇವಾಲಯದ ಮೆಟ್ಟಿಲಿಗೆ ಕಲ್ಲು ಕಡಿದವನ ಉಸಿರು ಹೇಗಿದೆಯೆಂದು ವಿಚಾರಿಸೋಣ. ಅವನು ಜೊತೆಗಾರರೊಡನೆ ದನಿಯೆತ್ತಿದಾಗ ಅವನ ಪಕ್ಕದಲ್ಲಿ ನಿಲ್ಲೋಣ.