ಬೈ ಜಾ ಅಂದ್ರ ಬಯ್ಯೋದಲ್ಲ

ಚೈತ್ರಗೌರಿ ಅರಿಷಿಣ-ಕುಂಕುಮಕ್ಕ ಹೋದಾಗ ನಮ್ಮ ಓಣಿ ಕಡೀ ಮನಿ ವೈನಿ ಎಲ್ಲಾರ ಮುಂದ ಕೇಳೇಬಿಟ್ರು. "ಅಲ್ರೀ, ನೀವು ಕೆನಡಾದಾಗ ಮಗನ ಮನ್ಯಾಗ ಆರಾಮ ಕೂತಿದ್ರಿ ಅಂತ ನಾವು ತಿಳಕೊಂಡಿದ್ವಿ. ಹೊಲದಾಗ ಕೂಲಿ ಮಾಡ್ತಿದ್ರಂತ, ಖರೇ ಏನು?" ಬಾಯಾಗ ಕೋಸಂಬ್ರಿ ಇತ್ತು, ಹೂಂ ಅಂತ ಗೋಣು ಹಾಕಿದೆ. ಅಲ್ಲಿ ನಿಂತು ಪೂರ್ತಿ ಹೇಳೋ ಅಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಇಲ್ಲಿ ಹೇಳ್ತೀನಿ. ಖರೇ ಅದ ವೈನಿ.

ನಾವಿಬ್ರೂ ಹೋದದ್ದು 2019ರ ಮಾರ್ಚ್ ತಿಂಗಳದಾಗ. ಮಗಾ ಅಲ್ಲಿಯವನೇ ಆಗಿಬಿಟ್ಟಾನ. ತಂದಿ-ತಾಯೀನ್ನ ಕಾಯಂ ಕರಸಿಕೊಳ್ಳೋ ಅರ್ಜಿಗೆ ಆ ಸರಕಾರದವರು 2017ರಾಗ ಚೀಟಿ ಎತ್ತೋ ಪದ್ಧತಿ ತಂದಿದ್ರು. ನಮ್ಮ ಚೀಟಿ ಹತ್ತಿತು. ಹಂಗಾಗಿ ಅಲ್ಲಿ ಇರಲಿಕ್ಕೂ, ದುಡಿಲಿಕ್ಕೂ ನಮಗ ಪರವಾನಗಿ ಇತ್ತು. (ಬರೇ ನೋಡಲಿಕ್ಕೆ ಅಂತ ಹೋದವರು ಹಿಂಗ ದುಡಿಯೋ ಹಂಗಿಲ್ಲ. ನನ್ನ ಕಥಿ ಓದಿ ಯಾರೂ ಬಕೆಟ್ ಹಿಡಕೊಂಡು ಹೊಂಡಬ್ಯಾಡ್ರಿ!) ಊರಿನ ಹೆಸರು ಸರ್ರಿ. ವ್ಯಾಂಕೂವರ್ ಬಾಜೂಕ ಅದ. ಎಲ್ಲಿ ನೋಡಿದ್ರಲ್ಲೆ ಪಂಜಾಬಿ ಮಂದಿ.

ಮುಂಜಾನೆ ಎಂಟಕ್ಕ ಮನಿ ಖಾಲಿ. ಮಗಾ ಸೊಸಿ ಆಫೀಸಿಗೆ, ಮೊಮ್ಮಗಳು ಡೇ-ಕೇರಿಗೆ. ನಮ್ಮ ಮನಿಯವರಿಗೆ ಎರಡನೇ ವಾರದಾಗೇ ಪಾರ್ಕಿನಾಗ ಪಗಡಿ ಕಟ್ಟಿದ ಅಜ್ಜಂದಿರು ಸಿಕ್ಕರು, ಸೀಪ್ ಅಂತ ಎಲಿ ಆಟ ಕಲಿಸಿದ್ರು. ಗಂಡಸರಿಗೆ ಇಸ್ಪೀಟ್ ಇದ್ರ ಭಾಷಾ ಬ್ಯಾಡ ನೋಡ್ರಿ. ನನಗ ಒಂದು ಕಿಡಕಿ ಇತ್ತು. ಇಡೀ ದಿನ ನಾ ಆಡಿದ ಮಾತು ಎಣಿಸಿದ್ರ ಇಪ್ಪತ್ತು ಆಗ್ತಿದ್ದಿಲ್ಲ, ಅದರಾಗ ಅರ್ಧಾ ದೇವರ ಮುಂದ.

ಜೂನ್ ಕಡಿಗೆ ಆ ಕಿಡಕಿಯಿಂದನ ಅವರನ್ನ ನೋಡಿದ್ದು. ಮುಂಜಾನೆ ಐದೂವರಿಗೆ ಮೂಲಿಮ್ಯಾಲೆ ಏಳೆಂಟು ಹೆಣಮಕ್ಕಳು ನಿಂದರತಿದ್ರು. ಸಲವಾರದ ಮ್ಯಾಲ ಗಂಡಸರ ಫುಲ್ ಅಂಗಿ, ತಲಿಗೆ ಓಢಣಿ, ಕಾಲಿಗೆ ಬೂಟು, ಕೈಯಾಗ ಡಬ್ಬಿ. ಎಲ್ಲಾರೂ ನನ್ನ ವಯಸ್ಸಿನವರು, ನನಗಿಂತ ದೊಡ್ಡವರು. ವ್ಯಾನ್ ಬರೋತನಾ ಒಂದೇ ಸವನೆ ನಗತಿದ್ರು. ಆ ನಗಿ ಕೇಳಿ ನನಗ ಹೊಟ್ಟಿಕಿಚ್ಚು ಆತು, ಸುಳ್ಳು ಯಾಕ ಹೇಳಲಿ. ಒಂದಿನ ಚಹಾದ ಕಪ್ಪು ಹಿಡಕೊಂಡನ ಕೆಳಗ ಇಳದು ಹೋದೆ. ಅವರೊಳಗ ಒಬ್ಬಾಕಿ, ಅರವತ್ತು ದಾಟಿದಾಕಿ, ನನ್ನ ಮಾರಿ ನೋಡಿ "ಬೆರಿ ತೋಡನ್ ಚಲ್ಣಾ?" ಅಂದ್ಲು. ಹಣ್ಣು ಬಿಡಸಲಿಕ್ಕೆ ಬರ್ತಿ ಏನು ಅಂತ. ಅಕಿನ್ನ ಎಲ್ಲಾರೂ ಭೈಣಜಿ ಅಂತಿದ್ರು, ನಾನೂ ಹಂಗ ಕರದೆ.

ಮಗಾ ಸಿಟ್ಟಿಗೆದ್ದ. "ಅವ್ವಾ, ನಿನಗ ಏನು ಕಡಿಮಿ ಮಾಡೇವಿ? ನಮ್ಮ ಕನ್ನಡದ ಮಂದಿ ನೋಡಿದ್ರ ಏನಂದಾರು?" "ಅವರು ಹಣ್ಣು ಬಿಡಸಲಿಕ್ಕೆ ಬರೋದೇ ಇಲ್ಲಲ್ಲೋ, ಹೆಂಗ ನೋಡ್ತಾರ?" ಅಂದೆ. ಅಂವ ನಗಲಿಲ್ಲ. ಸೊಸಿ ಸುಮ್ಮನಿದ್ಲು, ಆದ್ರ ಮರುದಿನ ನನಗೊಂದು ಉದ್ದ ತೋಳಿನ ಅಂಗಿ ತೆಗೆದು ಇಟ್ಟಿದ್ಲು. ಬ್ಯಾಂಕಿನಾಗ ಖಾತೆ ತೆಗೀಲಿಕ್ಕೆ ಮನಿಯವರು ಕೂಡ ಬಂದ್ರು. ನನ್ನ ಒಬ್ಬಾಕಿ ಹೆಸರಿನ ಖಾತೆ ಅದೇ ಮೊದಲನೇದು.

ಆ ಸೀಮಿ ಹೆಸರು ಫ್ರೇಜರ್ ಕಣಿವಿ. ಕೆನಡಾದ ಬ್ಲೂಬೆರಿ ಬಹಳಷ್ಟು ಅಲ್ಲೇ ಬೆಳೀತದ. ನಾವು ಹೋಗ್ತಿದ್ದದ್ದು ಆಬಟ್ಸಫರ್ಡ್ ಕಡೆ. ಬಿಸಲಾಗ ನಿಂತು ಮ್ಯಾಲ ನೋಡಿದ್ರ ದೂರ ಅಮೇರಿಕಾದ ಹದ್ದಿನಾಗ ಮೌಂಟ್ ಬೇಕರ್ ಗುಡ್ಡಾ, ಜುಲೈದಾಗೂ ಬೆಳ್ಳಗ ಬರ್ಫ. ಗಿಡಾ ನಮ್ಮ ಎತ್ತರ ಇರ್ತಾವ. ಹಣ್ಣು ನಮ್ಮ ಕವಳಿ ಹಣ್ಣಿನಷ್ಟು, ಬಣ್ಣಾ ನೇರಳ ಹಣ್ಣಿನದು, ಮ್ಯಾಲ ಬೂದಿ ಉಗ್ಗಿಧಂಗ ಬೆಳ್ಳನ ಪುಡಿ. ಆ ಪುಡಿ ಅಳಸಬಾರದು. ಟೊಂಗಿ ಕಡೆ ತುದಿಗೆ ಕೆಂಪು ಉಂಗರ ಕಂಡ್ರ ಅದು ಕಾಯಿ, ಮುಟ್ಟಬಾರದು. ಜಗ್ಗಬಾರದು, ಹೆಬ್ಬಟ್ಟಿಲೆ ಸುಮ್ಮನ ಉರುಳಿಸಿದ್ರ ಹಣ್ಣಾದದ್ದು ತಾನೇ ಬೀಳತದ. ನಡಕ್ಕ ಪಟ್ಟಾ ಕಟ್ಟಿ ಅದಕ್ಕ ಬಕೆಟ್ ಸಿಗಿಸಿರ್ತಾರ, ಎರಡೂ ಕೈ ನಡೀಬೇಕು. ಮಶೀನಿನಿಂದ ಉದರಿಸೋದೂ ಅದ, ಆದ್ರ ಪ್ಯಾಟ್ಯಾಗ ತಾಜಾ ಮಾರೋ ಹಣ್ಣಿಗೆ ಕೈನ ಬೇಕು. ಕೂಲಿ ಪೌಂಡಿನ ಲೆಕ್ಕ. ಪೌಂಡು ಅಂದ್ರ ಅರ್ಧಾ ಕಿಲೋಕ್ಕ ಸ್ವಲ್ಪ ಕಡಿಮಿ.

ಮೊದಲನೇ ದಿನ ಹಕ್ಕಿ ಓಡಸೋ ಗ್ಯಾಸಿನ ತೋಪು ಢಂ ಅಂದದ್ದಕ್ಕ ಹೆದರಿ ಅರ್ಧಾ ಬಕೆಟ್ ಚೆಲ್ಲಿದೆ. ಸಂಜಿಗೆ ನನ್ನ ಲೆಕ್ಕ ನಲವತ್ತೆರಡು ಪೌಂಡು. ಭೈಣಜಿದು ಎರಡು ನೂರಾ ಹತ್ತು! ಅಕಿ ಕೈ ನೋಡ್ಕೋತ ನಿಂತ್ರ ನಮ್ಮ ಅಜ್ಜಿ ಶ್ಯಾವಿಗಿ ಹೊಸೀತಿದ್ದದ್ದು ನೆನಪಾಗ್ತಿತ್ತು. ಮಳಿಗಾಲದ ಮುಂದ ನಮ್ಮ ಬಾಗಲಿಗೆ ಬುಟ್ಟಿ ಹೊತ್ತು ಬರೋ ಕವಳಿ ಹಣ್ಣಿನಾಕಿ ಜೋಡಿ ಎರಡು ರೂಪಾಯಿ ಸಲುವಾಗಿ ನಾ ಎಷ್ಟು ವಾದಾ ಮಾಡೇನಿ ಅನ್ನೋದೂ ನೆನಪಾತು. ಇರಲಿ.

ಈಗ ಭಾಷಾದ ಮಾತು. ನಂದು ಹಿಂದಿ ಚೊಲೋ ಅದ ಅಂತ ನನಗ ಗರ್ವ ಇತ್ತು. ಹುಡುಗಿ ಇದ್ದಾಗ ಧಾರವಾಡದ ಹಿಂದಿ ಪ್ರಚಾರ ಸಭಾದ ಪರೀಕ್ಷಾ ಕೊಟ್ಟಾಕಿ ನಾ. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಮೂರೂ ಪಾಸು. ಹೊಲದಾಗ ನೀರಡಿಕಿ ಆಗಿ "ಕೃಪಯಾ ಮುಝೆ ಥೋಡಾ ಜಲ್ ದೀಜಿಯೆ" ಅಂದೆ. ಎರಡು ಸಾಲಿನ ಹೆಣಮಕ್ಕಳು ಬಕೆಟ್ ಹಿಡಕೊಂಡು ನಕ್ಕರು. ದೂರದರ್ಶನದ ಸಮಾಚಾರ ಶುರುವಾತು ಅಂತ ಒಬ್ಬಾಕಿ. ಅವರ ಪಂಜಾಬಿ ನನಗ ಹತ್ತರಾಗ ಮೂರು ತಿಳೀತಿತ್ತು. ಇಂಗ್ಲಿಷ್ ಅಂದ್ರ ಇಬ್ಬರಿಗೂ ಹೆದರಿಕಿ. ಅಕಿಗೆ ಓದಲಿಕ್ಕೇ ಬರ್ತಿದ್ದಿಲ್ಲ. ನಾ ಪಿಯುಸಿತನಾ ಓದಿದ್ರೂ ಮಾತಾಡಲಿಕ್ಕೆ ನಿಂತ್ರ ನಾಲಿಗಿ ಅಂಟತಿತ್ತು.

ಅದೇ ದಿನ ಮಧ್ಯಾಹ್ನ ಎಲ್ಲಾರೂ ನೆರಳಿಗೆ ಡಬ್ಬಿ ಬಿಚ್ಚಿದ್ರು. ನಾ ಬಾಜೂಕ ನಿಂತಿದ್ದೆ, ಕರೀಲಾರದ ಹೆಂಗ ಹೋಗೋದು ಅಂತ. ಭೈಣಜಿ ದೊಡ್ಡ ದನಿ ತೆಗೆದು "ಬೈ ಜಾ! ಬೈ ಜಾ!" ಅಂದ್ಲು. ಮುಂಜಾನೆ ಕೆಂಪು ಕಾಯಿ ಬಿಡಸಿದ್ದೆನಲ್ಲಾ, ಅದಕ್ಕ ಬೈಲಿಕತ್ತಾಳ ಅಂತ ನನ್ನ ಕಣ್ಣಾಗ ನೀರು. ನಾ ಅಲುಗಲಿಲ್ಲ. ಅಕಿ ಇನ್ನೂ ಜೋರು ಮಾಡಿದ್ಲು. ಕಡೀಕ ಎದ್ದು ಬಂದು ರಟ್ಟಿ ಹಿಡದು ತನ್ನ ಬಾಜೂಕ ಕೂಡಿಸಿದ್ಲು. ಬೈ ಜಾ ಅಂದ್ರ ಕೂಡು ಅಂತ! ನಮ್ಮ ಭಾಷಾದಾಗ ಬೈ ಅಂದ್ರ ಏನು ಅಂತ ನಾ ಹಿಂದಿಯೊಳಗ ಹೇಳಿದಮ್ಯಾಲ ಅಕಿ ನಕ್ಕು ನಕ್ಕು ಪರಾಠಾ ಗಂಟಲಿಗೆ ಸಿಕ್ಕಿಸಿಕೊಂಡ್ಲು. ಆಮ್ಯಾಲ ದಿನಾ ನಾ ಬಂದಕೂಡಲೇ ಬೈದಂಗ ಮಾರಿ ಮಾಡಿ "ಬೈ ಜಾ" ಅಂತಿದ್ಲು.

ನನ್ನ ಡಬ್ಬಿಯಾಗಿನ ಕಡಕ್ ರೊಟ್ಟಿ ನೋಡಿ "ಐಡಾ ವಡ್ಡಾ ಪಾಪಡ್!" ಅಂದ್ರು, ಇಷ್ಟು ದೊಡ್ಡ ಹಪ್ಪಳ ಅಂತ. ಶೇಂಗಾ ಚಟ್ನಿಗೆ ಮಾತ್ರ ಯಾರೂ ಹೆಸರಿಡಲಿಲ್ಲ. ವಾರದಾಗ ಬಾಟ್ಲಿ ಖಾಲಿ. ಅಕಿ ಉಪ್ಪಿನಕಾಯಿ ನನಗ, ನನ್ನ ಚಟ್ನಿ ಅಕಿಗೆ. ಅಕಿ ಗಂಡಾ ತೀರಿಕೊಂಡು ಭಾಳ ವರ್ಷ ಆಗಿತ್ತು. ಮಗನ ಮನ್ಯಾಗ ಇದ್ದು ಹನ್ನೊಂದು ಬ್ಯಾಸಿಗಿ ಹಣ್ಣು ಬಿಡಸಿದಾಕಿ, ಮೊಣಕಾಲು ಬಾತಿದ್ದು. ನಾ ಅಕ್ಕ ಅಂದ್ರ ಏನು ಅಂತ ಹೇಳಿಕೊಟ್ಟಮ್ಯಾಲ ನನಗ ಅಕ್ಕ ಅನಲಿಕ್ಕೆ ಹತ್ತಿದ್ಲು. ನಾ ಸಣ್ಣಾಕಿ, ನೀ ಅಕ್ಕ ಅಂದ್ರೂ ಕೇಳಲಿಲ್ಲ.

ವ್ಯಾನ್ ಹೊಂಡೋಕಿಂತ ಮುಂಚೆ ಅಕಿ ಹಿಂದ ತಿರುಗಿ ಒಬ್ಬೊಬ್ಬರಿಗೂ "ಬೆಲ್ಟ್?" ಅಂತ ಕೇಳಾಕಿ. ಅದೊಂದು ಇಂಗ್ಲಿಷ್ ಶಬ್ದ ಅಕಿ ಬಾಯಾಗ ತಪ್ಪತಿದ್ದಿಲ್ಲ. ಒಂದು ಮಳಿ ದಿನ ಕಾರಣ ಹೇಳಿದ್ಲು. 2007ರ ಮಾರ್ಚಿನಾಗ ಅದೇ ಆಬಟ್ಸಫರ್ಡ್ ಹತ್ತರ ಹೊಲಕ್ಕ ಹೊಂಟಿದ್ದ ವ್ಯಾನ್ ಉರುಳಿ ಮೂರು ಮಂದಿ ಪಂಜಾಬಿ ಹೆಣಮಕ್ಕಳು ಸತ್ರು. ಒಳಗ ಹದಿನೇಳು ಮಂದಿ ಇದ್ರು, ಎಲ್ಲಾರಿಗೂ ಬೆಲ್ಟ್ ಇರಲಿಲ್ಲ. ಇಷ್ಟು ಹೇಳಿ ಅಕಿ ಕಿಡಕಿ ಕಡೆ ಮಾರಿ ಮಾಡಿದ್ಲು. ಅಂದಿನಿಂದ ನಾನೂ ಬಾಜೂದಾಕಿ ಪಟ್ಟಾ ನೋಡಲಿಕ್ಕೆ ಹತ್ತಿದೆ.

ನನಗ ಒಂದು ಚಟಾ ಅದ, ನಿಮಗೂ ಇದ್ದೀತು. ಕ್ಯಾಲೆಂಡರಿನ ಮ್ಯಾಲ ಹಾಲಿನ ಲೆಕ್ಕ ಬರಿಯೋದು. ಅಲ್ಲಿ ಹಾಲಿನಾಂವ ಇರಲಿಲ್ಲ, ಪೌಂಡು ಬರದೆ. ನಂದು ಒಂದು ಮೂಲಿಗೆ, ಭೈಣಜಿ ಹೇಳಿ ಬರಸಿದ್ದು ಇನ್ನೊಂದು ಮೂಲಿಗೆ. ಆಗಸ್ಟ್ ನಡುವ ಪಗಾರಿನ ಚೀಟಿ ಬಂದಾಗ ಅಕಿ ತಂದು ಓದು ಅಂದ್ಲು. ಕ್ಯಾಲೆಂಡರಿನ ಪ್ರಕಾರ ಅಕಿ ದುಡಿದದ್ದು ಹನ್ನೆರಡು ದಿನ. ಚೀಟಿಯಾಗ ಒಂಬತ್ತು. ಮೂರು ದಿನದ ಆರು ನೂರು ಪೌಂಡಿನ ಕೂಲಿ ಇಲ್ಲ.

ಠೇಕೇದಾರನ ಹತ್ತರ ಹೋದ್ವಿ. (ಹೆಸರು ಬ್ಯಾಡ ಬಿಡ್ರಿ.) ಅಂವ ಅಕಿ ಕಾಲು ಮುಟ್ಟಿ ನಮಸ್ಕಾರ ಮಾಡಿದಾ. ಬೀಜಿ, ನಾ ನಿಮ್ಮ ಮಗ ಇದ್ದಂಗ, ಮಗಾ ಅವ್ವಗ ಮೋಸಾ ಮಾಡ್ತಾನೇನು, ನಿಮಗ ನೆನಪು ಕಡಿಮಿ ಆಗೇದ, ಮನ್ಯಾಗ ಎಲ್ಲಾರೂ ಆರಾಮ ಇದ್ದಾರ ಹೌದಲ್ಲೋ, ಇಷ್ಟೂ ಪಂಜಾಬಿಯೊಳಗ. ಅಷ್ಟೊತ್ತಿಗೆ ನನಗ ಅಷ್ಟು ತಿಳೀತಿತ್ತು. ಭೈಣಜಿ ಓಢಣಿ ಸರಿ ಮಾಡಿಕೊಂಡು ಹಿಂದ ತಿರುಗಿದ್ಲು. ಮಗ ಅಂದಮ್ಯಾಲ ಅಕಿ ಏನು ಕೇಳಬೇಕು?

ನಾ ಮನಿಯವರ ಕೈಲೆ ಬರಸಿ ರಾತ್ರೆಲ್ಲಾ ಬಾಯಿಪಾಠ ಮಾಡಿದ್ದೆ. ಬರದದ್ದೆಲ್ಲಾ ಮರತೇ ಹೋತು. ಕ್ಯಾಲೆಂಡರಿನ ಹಾಳಿ ಮುಂದ ಹಿಡದು "ಸರ್, ಟ್ವೆಲ್ವ್ ಡೇಸ್ ವರ್ಕ್. ನೈನ್ ಡೇಸ್ ಪೇ. ಥ್ರೀ ಡೇಸ್ ವೇರ್?" ಅಂದೆ. ಅಂವ ನಕ್ಕು ಪಂಜಾಬಿಯೊಳಗ ಏನೋ ಅಂದಾ. ತಿಳದ್ರೂ ತಿಳೀಲಾರದಾಕಿ ಹಂಗ ನಿಂತು ಮತ್ತ ಅದನ್ನೇ ಅಂದೆ. ಮೂರನೇ ಸಲಾ ಅಂದಾಗ ಅಂವ ನಗೋದು ಬಿಟ್ಟ. ಇಂಗ್ಲಿಷಿನಾಗ ಅಂವ ಯಾರ ಮಗನೂ ಆಗಿರಲಿಲ್ಲ, ನಾ ಯಾರ ಅವ್ವನೂ ಆಗಿರಲಿಲ್ಲ. ಕಾಲು ಮಾತ್ರ ಥರಥರ ನಡಗತಿದ್ವು. ಅಂವ ಹಾಳಿ ಫೋಟೋ ಹೊಡಕೊಂಡು "ಓಕೆ, ಓಕೆ" ಅಂದಾ.

ಮುಂದಿನ ಚೀಟಿಯೊಳಗ ರೊಕ್ಕ ಪೂರಾ ಬಂತು. ಅದರ ಮುಂದಿನ ಸೋಮವಾರ ವ್ಯಾನ್ ನಮ್ಮ ಮೂಲಿಗೆ ನಿಂದರಲೇ ಇಲ್ಲ.

ನನಗೇನು, ಮಗನ ಮನಿ ಅನ್ನಾ ಇತ್ತು. ಅಕಿಗೆ ಹಂಗಲ್ಲ. ಹನ್ನೊಂದು ವರ್ಷದ ಜಾಗಾ, ಗೆಳತ್ಯಾರು, ಮನಿಯಿಂದ ಹೊರಗ ಬೀಳೋ ಒಂದೇ ದಾರಿ. ಅಕಿ ಮಗನೂ ಬೈದನಂತ, ಊರ ಮಂದಿ ಜೋಡಿ ಜಗಳಾ ತಂದಿ ಅಂತ. ನಾಲ್ಕು ದಿನ ಫೋನು ಎತ್ತಲಿಲ್ಲ. ಆ ನಾಲ್ಕು ದಿನ ನನಗ ಅನ್ನಾ ಇಳೀಲಿಲ್ಲ. ನಡುವ ಬಾಯಿ ಹಾಕಬಾರದಿತ್ತೇನೋ ಅಂತ ಇವತ್ತಿಗೂ ಒಮ್ಮೊಮ್ಮೆ ಅನಸತದ.

ಐದನೇ ದಿನ ಸಂಜಿಗೆ ನಮ್ಮ ಪಾವಟಿಗಿ ಮ್ಯಾಲ ಬಂದು ಕೂತಿದ್ಲು, ಒಂದು ಡಬ್ಬಿ ತುಂಬ ಪಿನ್ನಿ ಉಂಡಿ ಹಿಡಕೊಂಡು. ನಾ ಬಾಗಲದಾಗ ಏನು ಅನಬೇಕು ತಿಳೀಲಾರದ ನಿಂತೆ. ನನ್ನ ಮನಿ ಪಾವಟಿಗಿಮ್ಯಾಲ ಕೂತು ನನಗ "ಬೈ ಜಾ" ಅಂದ್ಲು. ಕೂತೆ. "ಪೈಸೇ ಆ ಗಯೇ, ಗಡ್ಡೀ ಗಯೀ" ಅಂದ್ಲು. ರೊಕ್ಕ ಬಂತು, ಗಾಡಿ ಹೋತು. ನಗಲೂ ಇಲ್ಲ, ಸಿಟ್ಟೂ ಇರಲಿಲ್ಲ. ಉಂಡಿ ಮುರಿದು ಅರ್ಧಾ ನನ್ನ ಕೈಯಾಗ ಇಟ್ಟಳು.

ಮಗಾ ಆಫೀಸಿನಿಂದ ಬಂದು ನಮ್ಮನ್ನ ನೋಡಿದಾ. ಆ ವಾರಾನ ಠೇಕೇದಾರನ ನಡುವ ಇರಲಾರದ ನೇರ ಕೂಲಿ ಕೊಡೋ ಒಂದು ತೋಟಾ ಹುಡುಕಿದಾ. ಕಡೀ ಹಣ್ಣಿನ ಮೂರು ಶನಿವಾರ ಇಬ್ಬರನ್ನೂ ತನ್ನ ಕಾರಿನಾಗ ಬಿಟ್ಟು ಬಂದಾ. ಅವಂದೂ ಬೆಲ್ಟ್ ವಿಚಾರಣಿ ಆತು. ಮರುವರ್ಷ ಕೊರೋನಾ ಬಂತು, ಅಕಿ ಮೊಣಕಾಲೂ ಕೈಕೊಟ್ಟಿತು, ಮತ್ತ ಕೂಡಿ ಹೋಗಲಿಕ್ಕೆ ಆಗಲಿಲ್ಲ. ಆ ಬ್ಯಾಸಿಗಿ ರೊಕ್ಕದಾಗ ನಾ ತೊಗೊಂಡದ್ದು ಒಂದು ಜೋಡ ಬೂಟು. ಉಳಿದದ್ದು ಖಾತೇದಾಗೇ ಅದ.

ಈಗ ಧಾರವಾಡದಾಗ ಇದ್ದಾಗ ಅಕಿ ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡ್ತಾಳ. ನಮಗ ಮುಂಜಾನೆ ಹತ್ತು, ಅಲ್ಲಿ ರಾತ್ರಿ. "ರೊಟ್ಟಿ ಆತಾ, ಅಕ್ಕಾ?" ಅಂತ ಕನ್ನಡದಾಗ ಕೇಳ್ತಾಳ, ನಾ ಪಂಜಾಬಿಯೊಳಗ ಹೇಳ್ತೀನಿ, ಆಮ್ಯಾಲ ಇಬ್ಬರ ಶಬ್ದಾನೂ ತೀರಿ ಸುಮ್ಮನ ಮಾರಿ ನೋಡ್ಕೋತ ಕೂಡ್ತೀವಿ. ಹೋದ ವಾರ ನಾ ಆಟೋದಾಗ ಇದ್ದಾಗ ಬಂತು. ಪ್ಯಾಟಿಗೆ ಹೊಂಟಿದ್ದೆ. ಫೋನು ಅಲ್ಲಾಡೋದು ನೋಡಿ ಮೊದಲು ಕೇಳಿದ್ದು "ಬೆಲ್ಟ್?"

ಆಟೋದಾಗ ಎಲ್ಲೀ ಬೆಲ್ಟ್! ಕೈ ಸಳಿ ಹಿಡಕೊಂಡದ್ದು ತೋರಿಸಿದೆ. ಸಮಾಧಾನ ಆಗಲಿಲ್ಲ. ಡ್ರೈವರಗ ತೋರಿಸು ಅಂದ್ಲು. ಫೋನು ಮುಂದ ಹಿಡದೆ. "ಹೌಲೀ ಚಲಾ, ಪುತ್!" ಅಂತ ಒದರಿದ್ಲು.

"ಯಾರ್ರೀ ಅವ್ರು, ಏನಂದ್ರು?" ಅಂದ ಹುಡುಗಾ.

"ನಮ್ಮಕ್ಕ. ಸಾವಕಾಶ ಹೊಡಿ ಅಂತಾಳ."

ಟಿಕಾರೆ ರೋಡ್ ದಾಟೋತನಾ ಸಾವಕಾಶನ ಹೊಡದಾ.