ಬಾಣಂತಿ ಕೋಣೆಯ ಹೊರಗೆ ಕುಳಿತು

ಮೇ ತಿಂಗಳ ಸೊಲ್ಲಾಪುರದಲ್ಲಿ 43 ಡಿಗ್ರಿ ಬಿಸಿಲು ಬಿದ್ದರೆ ಅದು ಸುದ್ದಿಯಲ್ಲ. ಅಂಥ ಬಿಸಿಲಲ್ಲಿ ಕಿಟಕಿ ಮುಚ್ಚಿ, ಕೂಲರ್ ಆರಿಸಿ, ಮಂಚದ ಕೆಳಗೆ ಕೆಂಡದ ಶೇಗಡಿ ಇಟ್ಟು, ಕಿವಿಗೆ ಅರಳೆ ತುರುಕಿ, ತಲೆಗೆ ಸ್ಕಾರ್ಫ್ ಬಿಗಿದು ಒಬ್ಬ ಹೆಣ್ಣುಮಗಳನ್ನು ಮಲಗಿಸಿದ್ದಾರಲ್ಲ, ಅದು ಸುದ್ದಿ. ಅಕ್ಕನ ಮಗಳು ಎರಡನೆಯ ಬಾಣಂತನಕ್ಕೆ ಪುಣೆಯಿಂದ ತವರಿಗೆ ಬಂದಿದ್ದಾಳೆ. ನಾನು ಮದುವೆಯಾಗದ ಸೋದರಮಾವ. ಪಡಸಾಲೆಯಲ್ಲಿ ಕುಳಿತು ಒಳಗೆ ಹೋಗುವ ತಾಟು, ಹೊರಗೆ ಬರುವ ಬಟ್ಟೆ ನೋಡುತ್ತಿರುತ್ತೇನೆ. ಈ ಬೆಂಕಿ ಯಾಕೆ ಎಂದು ಕೇಳಿದರೆ ಅಕ್ಕ, “ಥಂಡಿ ಹೊಕ್ಕೊಂಡ್ರ ಮುಂದ ನಡಾ ಹಿಡೀತದ, ನಿನಗೇನ್ ಗೊತ್ತ ತಮ್ಮಾ” ಎನ್ನುತ್ತಾಳೆ. ಈ ಊರಲ್ಲಿ ಈಗ ಥಂಡಿ ಎಲ್ಲಿಂದ ಬರಬೇಕು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನೀರಿಗೂ ಲೆಕ್ಕ. ಹಾಲೂಡಿಸುವ ತಾಯಿ ಬಾಯಾರಿದಾಗಲೆಲ್ಲ ಕುಡಿಯಬೇಕು ಎಂದು ಡಾಕ್ಟರಬಾಯಿ ಚೀಟಿಯಲ್ಲೇ ಬರೆದುಕೊಟ್ಟಿದ್ದಾರೆ. ಚೀಟಿ ದೇವರ ಫೋಟೋದ ಹಿಂದೆ ಭದ್ರವಾಗಿದೆ.

*

ಬೆಳಿಗ್ಗೆ ಎರೆಯುವ ಮಾವಶಿ ಬರುತ್ತಾಳೆ. ಮರಾಠಿಯವಳು. ಈ ಓಣಿಯ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಎದ್ದವರೇ. ಬಚ್ಚಲಲ್ಲಿ ಮಣೆ ಹಾಕಿ, ಸೀರೆ ಮೊಣಕಾಲ ಮೇಲಕ್ಕೆ ಸರಿಸಿ, ಎರಡೂ ಕಾಲು ನೀಡಿ ಕೂಡುತ್ತಾಳೆ. ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸು ಬೋರಲು. ಹಬೆಯಾಡುವ ನೀರಿನ ಮೊದಲ ಹನಿ ತನ್ನ ಮೊಣಕೈಯ ಒಳಮಗ್ಗುಲಿಗೆ, ಆಮೇಲೆ ಕೂಸಿನ ಬೆನ್ನಿಗೆ. ಅಂಗಾತ ತಿರುಗಿಸಿದಾಗ ಎಡಗೈಯನ್ನು ಹುಬ್ಬಿನ ಮೇಲೆ ಅಡ್ಡ ಹಿಡಿಯುತ್ತಾಳೆ. ನೆತ್ತಿಗೆ ಸುರಿದ ನೀರು ಕಣ್ಣಿಗೆ ಒಂದು ಹನಿಯೂ ಇಳಿಯದೆ ಕಿವಿಯ ಹಿಂದಿನಿಂದ ಹರಿದು ಹೋಗುತ್ತದೆ. ಮೂಗು ನೀಡುತ್ತಾಳೆ, ತಲೆ ದುಂಡಗೆ ಮಾಡುತ್ತಾಳೆ, ಬಲಗೈ ಎಡಗಾಲನ್ನು ಕತ್ತರಿ ಹಾಕಿ ಕೂಡಿಸುತ್ತಾಳೆ. ಅಷ್ಟು ಕಿರಿಚಿದ ಕೂಸು ಲೋಬಾನದ ಹೊಗೆ ತೋರಿಸುವಷ್ಟರಲ್ಲಿ ನಿದ್ದೆಗೆ ಜಾರಿರುತ್ತದೆ.

ಕಿವಿ, ಮೂಗಿಗೆ ಎಣ್ಣೆ ಬಿಡಬಾರದು ಅಂತಾರೆ ಡಾಕ್ಟರು ಎಂದು ಅಕ್ಕನ ಮಗಳು ಹೇಳಿದ ದಿನ ದೊಡ್ಡ ಜಗಳವಾದೀತು ಎಂದುಕೊಂಡಿದ್ದೆ. ಮಾವಶಿ “ಬರಂ” ಎಂದಳು, ಎಣ್ಣೆ ಬಿಡಲಿಲ್ಲ. ಪಟ್ಟು ಹಿಡಿದವಳು ಅಕ್ಕ.

ಕೂಸಿನ ಸ್ನಾನಕ್ಕೆ ಮನೆಯವರೆಲ್ಲ ಬಚ್ಚಲ ಬಾಗಿಲಿಗೆ ಸೇರುತ್ತಾರೆ. ಬಾಣಂತಿಯ ಸ್ನಾನಕ್ಕೆ ಬಾಗಿಲು ಮುಚ್ಚುತ್ತದೆ, ಒಳಗಿನಿಂದ ಇಬ್ಬರ ನಗು ಕೇಳುತ್ತದೆ. ಇಡೀ ದಿನದಲ್ಲಿ ಅವಳ ಮೈಯನ್ನು ಇನ್ನೊಬ್ಬರು ಆರೈಕೆ ಮಾಡುವ ಹೊತ್ತು ಅದೊಂದೇ.

*

ಐದನೆಯ ರಾತ್ರಿ ಸಟವಿ ಬಂದು ಕೂಸಿನ ಹಣೆಬರಹ ಬರೆಯುತ್ತಾಳೆ. ತೊಟ್ಟಿಲ ಹತ್ತಿರ ಖಾಲಿ ಹಾಳೆ, ಪೆನ್ನು ಇಡಬೇಕು. ಹಾಳೆ ನನ್ನ ಟಿಪ್ಪಣಿ ಪುಸ್ತಕದ್ದು. “ಕೆಂಪು ಶಾಯಿ ಬ್ಯಾಡ” ಎಂದು ಅಕ್ಕ ಪೆನ್ನು ಬದಲಿಸಿದಳು.

ಬೆಳಿಗ್ಗೆ ಹಾಳೆ ಖಾಲಿಯೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಹಾಳೆ ಬಿದ್ದಿತ್ತು, ಅದರ ತುಂಬ ಬರಹ. 11.40 ಎಡ. 1.15 ಬಲ. 2.05 ಎಡ, ಅರ್ಧಕ್ಕೇ ಮಲಗಿತು. 2.50 ಉಚ್ಚಿ. 3.30 ಬಲ. 4.10 ಯಾಕೋ ಅಳತದ. 4.40 ಇನ್ನೂ ಅಳತದ. ಬಾಣಂತಿಯ ಕೈಬರಹ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಲೆಕ್ಕ ಬರೆದಿಡದಿದ್ದರೆ ಸಮಾಧಾನವಿಲ್ಲ. ಮುಂದೆ ಈ ಕೂಸು ಬೆಳೆದು ದೊಡ್ಡವಳಾಗಿ ನನ್ನ ಹಣೆಬರಹ ಯಾರು ಬರೆದರು ಎಂದರೆ ತೋರಿಸಲಿಕ್ಕೆ ಇರಲಿ ಎಂದು ಆ ಹಾಳೆಯನ್ನು ನಾನೇ ಎತ್ತಿಟ್ಟಿದ್ದೇನೆ.

*

ಅದೇ ವಾರ ಒಂದು ಮಧ್ಯಾಹ್ನ ಅವಳು ಕಾರಣವಿಲ್ಲದೆ ಅತ್ತಳು. ಕೂಸು ಮಲಗಿತ್ತು, ಊಟವಾಗಿತ್ತು, ಯಾರೂ ಏನೂ ಅಂದಿರಲಿಲ್ಲ. ಅಕ್ಕ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಏಳಲಿಲ್ಲ, ಅಂದರೆ ದೃಷ್ಟಿ ಬಲವಾಗಿದೆ ಎಂದು ಅರ್ಥವಂತೆ. “ಹೆಣ್ಣ ಹುಟ್ಟ್ಯಾಳಂತ ಅಳ್ತೀಯೇನ?” ಎಂದು ನೋಡಲು ಬಂದ ಒಬ್ಬಾಕೆ ಕೇಳಿದಳು. ಹುಡುಗಿ ಮೂಗು ಒರೆಸಿಕೊಂಡು, “ಏನೂ ಇಲ್ಲಾರಿ ಕಾಕೂ, ಸುಮ್ನ” ಎಂದಳು.

ಹೆತ್ತ ಮೊದಲ ಎರಡು ವಾರ ಹೀಗೆ ಸುಮ್ಮನೆ ಅಳು ಬರುವುದು ಹೆಚ್ಚಿನ ತಾಯಂದಿರಲ್ಲಿ ಇದ್ದದ್ದೇ, ತಾನಾಗಿ ಹೋಗುತ್ತದೆ. ಹೋಗದೆ ಉಳಿಯುವುದು ಬೇರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹೆರಿಗೆಯಾದ ನೂರರಲ್ಲಿ ಸುಮಾರು 13 ತಾಯಂದಿರಿಗೆ ಮನಸ್ಸಿನ ಕಾಯಿಲೆ, ಮುಖ್ಯವಾಗಿ ಖಿನ್ನತೆ ಕಾಡುತ್ತದೆ. ನಮ್ಮಂಥ ದೇಶಗಳಲ್ಲಿ ಈ ಸಂಖ್ಯೆ 20ರ ಹತ್ತಿರ. ಬೆನ್ನಿಗೆ, ಸೊಂಟಕ್ಕೆ, ಹಾಲಿಗೆ, ಕೂದಲಿಗೆ ಒಂದೊಂದು ಉಂಡೆ, ಒಂದೊಂದು ಕಷಾಯ ಕಟ್ಟಿಟ್ಟ ನಮ್ಮ ಅಜ್ಜಿಯಂದಿರು ಇದಕ್ಕೆ ಮಾತ್ರ ಮೆಣಸಿನಕಾಯಿ ನಿವಾಳಿಸಿ ಕೈಬಿಟ್ಟದ್ದು ಯಾಕೋ ತಿಳಿಯದು. ಬಹುಶಃ ಅವರು ಸುಸ್ತಾಗಿದ್ದರು. ಎಂಟು ಹತ್ತು ಹೆತ್ತವರು.

*

ಉಂಡೆಯ ಮಾತು ಬಂತು. ಅಂಟು, ಖಾರೀಕ, ಕೊಬ್ಬರಿ, ಗಸಗಸೆ, ತುಪ್ಪ: ಅಂಟಿನುಂಡೆ ದಿನಕ್ಕೆರಡು. ಅಳವಿಯ ಪಾಯಸ. ಎರಡು ಹೊತ್ತೂ ಸಬ್ಬಸಗಿ ಪಲ್ಯ. ಸೊಲ್ಲಾಪುರದಲ್ಲಿ ಹುಟ್ಟಿದವಳಿಗೆ ಶೇಂಗಾ ಚಟ್ನಿ ಮಾತ್ರ ನಿಷಿದ್ಧ, ಪಿತ್ತವಂತೆ.

ಒಂದು ರಾತ್ರಿ ಮೂರರ ಸುಮಾರಿಗೆ ಅಡುಗೆಮನೆಯಲ್ಲಿ ಕಡಕ್ ರೊಟ್ಟಿ ಮುರಿಯುವ ಸದ್ದು ಕೇಳಿ ಎದ್ದು ಹೋದೆ. ತಾಯಿ ಮಗಳು ನೆಲದ ಮೇಲೆ ಎದುರುಬದುರು ಕುಳಿತಿದ್ದಾರೆ. ನಡುವೆ ಚಟ್ನಿಯ ಡಬ್ಬಿ, ಗಟ್ಟಿ ಮೊಸರು. ನಿಷೇಧ ಹಾಕಿದವಳೇ ಬಡಿಸುತ್ತಿದ್ದಾಳೆ. ನನ್ನನ್ನು ಕಂಡು ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಕೂಸು ಏಳಬಾರದಲ್ಲ! ತಾಯಿ ಮಗಳು ಹೀಗೆ ಸರಿಸಮ ಕುಳಿತು ನಕ್ಕದ್ದನ್ನು ನಾನು ಮದುವೆಗೆ ಮುಂಚೆಯೂ ನೋಡಿರಲಿಲ್ಲ.

*

ಮೊದಲನೆಯವನಿಗೆ ಮೂರು ವರ್ಷವಾಗುತ್ತ ಬಂತು, ಮಾತು ತಡ. ಅಪ್ಪನ ಮನೆಯಲ್ಲಿ ಮರಾಠಿ, ಇಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು. ತಾಯಿಗೆ ಅದೇ ಒಳಚಿಂತೆ. ಓಣಿಯ ಮುದುಕಿಯೊಬ್ಬರು ಸಮಾಧಾನ ಹೇಳಿದರು: “ನಮ್ಮ ಸಿದ್ರಾಮಪ್ಪನ ಅವ್ವ ಸುಗ್ಗವ್ವಗೂ ಇದೇ ಚಿಂತಿ ಇತ್ತವಾ. ಅಂವಾ ಮಾತ ಕಲ್ತ ಮ್ಯಾಲ ಊರ ತುಂಬ ವಚನ ಆದುವು.” ಸೊನ್ನಲಿಗೆಯ, ಅಂದರೆ ಇದೇ ಸೊಲ್ಲಾಪುರದ, ಸಿದ್ಧರಾಮ ಎಳವೆಯಲ್ಲಿ ಮಾತಾಡದೆ, ಆಡದೆ ಮಂಕಾಗಿದ್ದ ಕಥೆಯನ್ನು ರಾಘವಾಂಕನೂ ಹೇಳುತ್ತಾನೆ. ಹನ್ನೆರಡನೆಯ ಶತಮಾನದ ಒಬ್ಬ ತಾಯಿಯ ಚಿಂತೆ ಇವತ್ತಿನ ಬಾಣಂತಿಗೆ ಮದ್ದಾಗಿ ಬರುವ ಊರು ಇದು. ಆದರೂ ಸಿದ್ಧರಾಮನ ಕಥೆ ನಂಬಿ ಕಿವಿಯ ಪರೀಕ್ಷೆ ಬಿಡಬಾರದು ಎಂದೆ. ಮಾಡಿಸಿದರು. ಕಿವಿ ಸರಿಯಿದೆ.

ಮಾತು ಬಂದದ್ದು ಮುಂದಿನ ವಾರ. ತೊಟ್ಟಿಲಲ್ಲಿ ಇಣುಕಿ ನೋಡಿ ತಾಯಿಯ ಸೆರಗು ಜಗ್ಗಿ ಅವನು ಆಡಿದ ಮೊದಲ ಪೂರ್ತಿ ವಾಕ್ಯ: “ಬಾಳಗ ದವಾಖಾನಿಗಿ ವಾಪಸ್ ಕೊಡು.” ಬಾಳ ಎಂದರೆ ಮರಾಠಿಯಲ್ಲಿ ಕೂಸು. ಅವಳು ನಕ್ಕಳು, ಅತ್ತಳು, ಪುಣೆಗೆ ಫೋನ್ ಮಾಡಿದಳು. ಅಣ್ಣನಿಗೆ ಮಾತು ಕಲಿಸಿದ್ದು ತಂಗಿಯ ಮೇಲಿನ ಹೊಟ್ಟೆಕಿಚ್ಚು!

*

ಹಿತ್ತಿಲಾಚೆಯ ಮನೆ ಬೀಡಿ ಕಟ್ಟುವವರದು. ಮನೆಮಾತು ತೆಲುಗು, ನಮ್ಮೊಡನೆ ಅರ್ಧ ಕನ್ನಡ ಅರ್ಧ ಮರಾಠಿ. ಆ ಮನೆಯ ಸೊಸೆಯೂ ಇದೇ ತಿಂಗಳು ಹೆತ್ತಳು. ಅವಳಿಗೂ ಸವ್ವಾ ತಿಂಗಳ, ಅಂದರೆ ಒಂದೂಕಾಲು ತಿಂಗಳ, ಬಾಣಂತನ ಎಂದಿದ್ದರು. ಮೂರನೆಯ ವಾರವೇ ತೊಡೆಯ ಮೇಲೆ ಮೊರ ಬಂತು. ನೆನೆಸಿದ ಎಲೆ, ತಗಡಿನ ಅಚ್ಚು, ಕತ್ತರಿ, ಚಿಟಿಕೆ ತಂಬಾಕು, ಸುರುಳಿ, ದಾರ. ಬೆರಳುಗಳು ತಮ್ಮಷ್ಟಕ್ಕೆ ಓಡುತ್ತವೆ, ಕಣ್ಣು ಕೂಸಿನ ಮೇಲೆ. ಕೂಸು ಅತ್ತರೆ ಮೊರ ಇಳಿಸಬೇಕು, ಎದ್ದು ಸೋಪು ಹಚ್ಚಿ ಕೈ ತೊಳೆಯಬೇಕು, ಹಾಲೂಡಿಸಬೇಕು, ಮತ್ತೆ ಮೊರ ಏರಿಸಬೇಕು. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ಸಿಗುತ್ತದೆ. ಕೈ ತೊಳೆದ ಹೊತ್ತು ಆ ಲೆಕ್ಕಕ್ಕೆ ಸೇರುವುದಿಲ್ಲ.

ನಮ್ಮ ಹುಡುಗಿಗೆ ಸಂಬಳ ಸಹಿತ 26 ವಾರ ರಜೆ. 2017ರಲ್ಲಿ 12ರಿಂದ ಏರಿದ್ದು. ಬೀಡಿ ಕಾರ್ಮಿಕರಿಗೆಂದೇ 1966ರಲ್ಲಿ ಆದ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳಿಗೂ ಹೆರಿಗೆ ಸೌಲಭ್ಯ ಸಲ್ಲಬೇಕು ಎಂದಿತು. ಇದನ್ನು ಆ ಸೊಸೆಗೆ ಹೇಳಿದೆ. ಅವಳು ದಾರ ಹಲ್ಲಿನಿಂದ ಕಡಿದು, “ಕಾರ್ಡು ಅತ್ತಿ ಹೆಸರಿಲಿ ಅದ ಮಾಮಾ, ಕಟ್ಟಾಕಿ ನಾನು” ಎಂದಳು. ಕಾಗದದ ಪ್ರಕಾರ ಬೀಡಿ ಕಟ್ಟಿದವಳು ಹೆತ್ತಿಲ್ಲ, ಹೆತ್ತವಳು ಬೀಡಿ ಕಟ್ಟಿಲ್ಲ. ಈ ಗಂಟನ್ನು ಯಾರ ಹತ್ತಿರ ಬಿಡಿಸಿಕೊಳ್ಳಬೇಕೋ ನನಗಿನ್ನೂ ಹೊಳೆದಿಲ್ಲ.

ಗಂಡಸರ ರಜೆಯದೂ ಬರೆದಿಡುತ್ತೇನೆ. ಕೇಂದ್ರ ಸರ್ಕಾರದ ನೌಕರನಿಗೆ ಹೆಂಡತಿ ಹೆತ್ತರೆ 15 ದಿನ. ಖಾಸಗಿಯವನಿಗೆ ಕಾಯ್ದೆಯೇ ಇಲ್ಲ. ನಮ್ಮ ಅಳಿಯ ಶನಿವಾರ ರಾತ್ರಿ ಬಂದು ಭಾನುವಾರ ರಾತ್ರಿ ಹೋಗುತ್ತಾನೆ. ಆ ಒಂದು ದಿನ ಮನೆಯವರೆಲ್ಲ ಕೂಸನ್ನು ಬಿಟ್ಟು ಅವನ ಬಾಣಂತನ ಮಾಡುತ್ತಾರೆ.

*

ಊರಿನ ಡಾ. ಕೋಟ್ನಿಸ್ ಸ್ಮಾರಕದ ಮುಂದೆ ಹಾದುಹೋದೆ. ಸೊಲ್ಲಾಪುರದಲ್ಲಿ 1910ರಲ್ಲಿ ಹುಟ್ಟಿ, ಚೀನಾದ ಯುದ್ಧಭೂಮಿಯಲ್ಲಿ ಗಾಯಾಳುಗಳ ಸೇವೆ ಮಾಡುತ್ತ 1942ರ ಡಿಸೆಂಬರಿನಲ್ಲಿ ತೀರಿಕೊಂಡವರು. ಆಗ ಮಗ ಯಿನ್‌ಹುವಾಗೆ ಮೂರು ತಿಂಗಳು ದಾಟಿತ್ತಷ್ಟೆ. ಹೆಂಡತಿ ಗುವೊ ಚಿಂಗ್‌ಲಾನ್ ನರ್ಸಿಂಗ್ ಕಲಿಸುತ್ತಿದ್ದವರು. ಇಷ್ಟು ದಿನ ಡಾಕ್ಟರರ ಕಥೆಯನ್ನೇ ಓದಿದ್ದೆ. ಈ ಮನೆಯಲ್ಲಿ ಒಂದು ತಿಂಗಳು ಇದ್ದ ಮೇಲೆ ನನಗೆ ಹೊಳೆಯುವ ಪ್ರಶ್ನೆ ಬೇರೆ: ಆ ಚಳಿಗಾಲದ ರಾತ್ರಿಗಳಲ್ಲಿ ಕೂಸನ್ನು ಆಕೆಯ ಕೈಯಿಂದ ಯಾರು ಇಸಿದುಕೊಂಡರು?

*

ಸವ್ವಾ ತಿಂಗಳು ಮುಗಿದ ಮೇಲಿನ ಮೊದಲ ಪಯಣ ಅಕ್ಕಲಕೋಟೆಗೆ. ಗಾಡಿಯ ಕಿಟಕಿ ತೆರೆದು ಅವಳು ಕಿವಿಯ ಅರಳೆ ತೆಗೆದು ರಸ್ತೆಗೆ ಎಸೆದಳು. ಅಕ್ಕ ನೋಡಿಯೂ ನೋಡದಂತೆ ಕುಳಿತಳು.

ದಾರಿಯಲ್ಲಿ ಕುಂಭಾರಿ. ಬೀಡಿ ಕಟ್ಟುವ ಹೆಂಗಸರಿಗೆಂದು 2006ರಲ್ಲಿ ಹೋರಾಟಗಾರ್ತಿ ಗೋದೂತಾಯಿ ಪರುಳೇಕರ್ ಹೆಸರಿನಲ್ಲಿ ಹತ್ತು ಸಾವಿರ ಮನೆ ಕೊಟ್ಟರು. ಅಲ್ಲೇ ರಾಯನಗರದಲ್ಲಿ ಕಾರ್ಮಿಕರಿಗೆ 2024ರ ಜನವರಿಯಲ್ಲಿ ಇನ್ನೂ ಹದಿನೈದು ಸಾವಿರ. ಸ್ವಂತ ಬಾಗಿಲು ಬಂತು, ದೊಡ್ಡ ಮಾತು. ಬಾಗಿಲ ಒಳಗೆ ಅದೇ ಮೊರ, ಅದೇ ತೊಡೆ.

ದಕ್ಷಿಣ ಸೊಲ್ಲಾಪುರ ತಾಲೂಕಿನದೇ ಇನ್ನೊಂದು ಊರು ಮುಸ್ತಿ. ಅಲ್ಲಿಯ ಬಾಬಾ ಉಮರ್ ದರ್ಗಾದಲ್ಲಿ ಹರಕೆ ಹೊತ್ತು ಹೆತ್ತವರ ಎಳೆಯ ಮಕ್ಕಳನ್ನು ಸುಮಾರು 50 ಅಡಿ ಎತ್ತರದಿಂದ ಕೆಳಗೆ ಹಿಡಿದ ಚಾದರಕ್ಕೆ ಬಿಡುವ ಪದ್ಧತಿ ಟಿವಿಯಲ್ಲಿ ಬಂದು ದೇಶ ಬೆಚ್ಚಿತ್ತು. ಹಿಂದೂ, ಮುಸಲ್ಮಾನ ಎರಡೂ ಮನೆಯ ಕೂಸುಗಳು. ಮಕ್ಕಳ ಹಕ್ಕಿನವರು ಆಕ್ಷೇಪ ಎತ್ತಿದರು, ಎತ್ತಬೇಕಾದದ್ದೇ. ಅಂಥದು ನಡೆಯಬಾರದು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ನಾನು ನೋಡಿದ ತುಣುಕುಗಳಲ್ಲಿ ಕ್ಯಾಮೆರಾ ಕೂಸಿನ ಹಿಂದೆಯೇ ಓಡುತ್ತದೆ. ಕೆಳಗೆ ಕಾಯುವ ತಾಯಿಯ ಮುಖ ಹುಡುಕಿದೆ, ಸಿಗಲಿಲ್ಲ. ಬಿಡುವ ಕೈ, ಹಿಡಿಯುವ ಕೈ ಎಲ್ಲ ಗಂಡಸರವು.

*

ಅಕ್ಕಲಕೋಟೆಯ ವಟವೃಕ್ಷ ಮಂದಿರ. ಸ್ವಾಮಿ ಸಮರ್ಥರು 1878ರಲ್ಲಿ ಸಮಾಧಿಯಾದ ಊರು. ಸರದಿಯಲ್ಲಿ ಮರಾಠಿಗಿಂತ ಕನ್ನಡವೇ ಹೆಚ್ಚಾಗಿ ಕೇಳುತ್ತಿತ್ತು. ಅರ್ಧ ದಾರಿಯಲ್ಲಿ ಕೂಸು ಹಸಿದು ಅತ್ತಿತು. ಹಾಲೂಡಿಸುವ ತಾಯಂದಿರಿಗೆಂದು ಮಹಾರಾಷ್ಟ್ರದ ಬಸ್ ನಿಲ್ದಾಣಗಳಲ್ಲಿ ಹಿರಕಣಿ ಕಕ್ಷಗಳಿವೆ. ಕೋಟೆಯ ಬಾಗಿಲು ಮುಚ್ಚಿದ ಮೇಲೆ, ಮನೆಯಲ್ಲಿರುವ ಕೂಸಿಗಾಗಿ ರಾಯಗಡದ ಕಡಿದಾದ ಬಂಡೆಯನ್ನು ಕತ್ತಲಲ್ಲಿ ಇಳಿದು ಹೋದಳೆಂಬ ಹಾಲು ಮಾರುವ ಹಿರಕಣಿಯ ಹೆಸರು ಅದು. ಸರದಿಯ ನಡುವೆ ಕಕ್ಷ ಎಲ್ಲಿಂದ ಬರಬೇಕು? ಹಿಂದಿದ್ದ ಇಬ್ಬರು ಹೆಂಗಸರು ಬೆನ್ನು ತಿರುಗಿಸಿ ಸೆರಗು ಅಗಲಿಸಿ ನಿಂತರು. ಮುಂದಿನವಳೂ ನಿಂತಳು. ಯಾರೂ ಯಾರಿಗೂ ಹೇಳಲಿಲ್ಲ. ಕೂಸು ಕುಡಿದು ಮುಗಿಸುವ ತನಕ ಆ ಗೋಡೆ ಸರದಿಯ ಜೊತೆಗೇ ಹೆಜ್ಜೆ ಹೆಜ್ಜೆ ಮುಂದೆ ಸರಿಯಿತು.

ಅನ್ನಛತ್ರದಲ್ಲಿ ಪಕ್ಕ ಕುಳಿತಿದ್ದ ದುಧನಿ ಕಡೆಯ ಮುದುಕಿ ಕೈ ಚಾಚಿ, “ತಾ ಇಲ್ಲೆ, ನೀ ಉಣ್ಣು. ಎಷ್ಟ ದಿನಾ ಆತೋ ಬಿಸೀದ ಉಂಡು” ಎಂದು ಕೂಸನ್ನು ಇಸಿದುಕೊಂಡಳು. ಇಷ್ಟು ದಿನ ನೋಡಲು ಬಂದವರೆಲ್ಲ ಕೇಳಿದ್ದು ಕೂಸು ಯಾರ ಹಾಗೆ ಇದೆ, ತೂಕ ಎಷ್ಟು, ಹಾಲು ಸಾಲುತ್ತದೋ ಇಲ್ಲವೋ. ತಾಯಿಯ ಊಟ ಕೇಳಿದವಳು ಈಕೆಯೊಬ್ಬಳೇ. ನಮ್ಮ ಹುಡುಗಿ ಎರಡು ಸಲ ಅನ್ನ ಹಾಕಿಸಿಕೊಂಡಳು.

*

ಬಾಣಂತಿಯನ್ನು ನೋಡಲು ಹೋಗುವವರಲ್ಲಿ ನನ್ನದೊಂದು ವಿನಂತಿ. ಕೂಸಿನ ಕೈಗೆ ದುಡ್ಡು ಇಡುವುದಿದ್ದರೆ ಇಡಿ, ಟೊಪ್ಪಿಗೆ ಕುಂಚಿಗೆ ಒಯ್ಯುವುದಿದ್ದರೆ ಒಯ್ಯಿರಿ. ಚಹಾ ಮಾತ್ರ ಅವರ ಮನೆಯಲ್ಲಿ ಕುಡಿಯಬೇಡಿ. ಕುಡಿದರೆ ಕಪ್ಪು ತೊಳೆದಿಟ್ಟು ಬನ್ನಿ. ಕೂಸನ್ನು ಒಂದು ತಾಸು ಎತ್ತಿಕೊಂಡು ತಾಯಿಯನ್ನು ಮಲಗಿಸಿ. ಎರಡು ವಾರ ಕಳೆದರೂ ಅವಳ ಅಳು ನಿಲ್ಲದಿದ್ದರೆ ಮೆಣಸಿನಕಾಯಿ ನಿವಾಳಿಸಿಕೊಳ್ಳಲಿ, ಅಡ್ಡಿಯಿಲ್ಲ, ಜೊತೆಗೆ ಡಾಕ್ಟರಿಗೂ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಗೆ ದುಡ್ಡು ಬೀಳುವುದಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತಾರೆ. ನಂಬರು 14416.