ಫಾರಂ ಹಿಡಿದು ನಾಲ್ಕೂರು

ಹಂಪಿ ಕಡೆ ಬಸ್ಸು ಹತ್ತಿದವರೆಲ್ಲ ಕಲ್ಲಿನ ರಥ ನೋಡಲು ಹೊರಟವರೇ ಎಂದು ನೀವು ತಿಳಿದಿದ್ದರೆ, ಹೋದ ತಿಂಗಳು ನನ್ನನ್ನೂ ಮಗಳನ್ನೂ ನೋಡಬೇಕಿತ್ತು. ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಬುತ್ತಿಗೆ ಚಪಾತಿ, ಮನಸ್ಸಿನಲ್ಲಿ ದಿಗಿಲು!

ಮಗಳು ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ ಪಾಸು ಮಾಡಿದ್ದಾಳೆ. ಪಾಸಾದರೆ ಮುಗಿಯಿತು ಅನ್ನಬೇಡಿ, ಸೋದರಿಯರೇ. ಕೆಲಸಕ್ಕೆ ಸೇರುವವರ ಪೂರ್ವಾಪರವನ್ನು ಪೊಲೀಸರು ವಿಚಾರಿಸುತ್ತಾರೆ. ಅದಕ್ಕೆಂದು ಅಟೆಸ್ಟೇಷನ್ ಫಾರಂ ತುಂಬಿಕೊಡಬೇಕು. ಹುಟ್ಟಿದ ಊರು, ಜಿಲ್ಲೆ, ತಂದೆಯ ಮೂಲ ಜಿಲ್ಲೆ, ಹದಿನೈದನೇ ವಯಸ್ಸಿನಿಂದ ಓದಿದ ಶಾಲೆ-ಕಾಲೇಜು, ಕಳೆದ 5 ವರ್ಷದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದ ಮನೆಗಳ ವಿಳಾಸ, ನಮ್ಮನ್ನು ಬಲ್ಲ ಇಬ್ಬರ ಹೆಸರು... ಹೆಣ್ಣು ನೋಡಲು ಬಂದ ಬೀಗರೂ ಇಷ್ಟು ಕೇಳುವುದಿಲ್ಲ!

ನಮ್ಮ ಹೊಸಪೇಟೆಯವರ ಪಾಡು ಇನ್ನೂ ಬೇರೆ. ಮನೆ ಇದ್ದಲ್ಲೇ ಇದೆ, ವಿಳಾಸ ಬದಲಾಗುತ್ತದೆ. ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಹಿಂದಿನ ಮನೆತನದ ಕಾಗದಗಳಲ್ಲಿ ಮದ್ರಾಸ್ ಎಂದೇ ಇದೆ. ಇಂಗ್ಲಿಷಿನಲ್ಲಿ ಹಾಸ್ಪೆಟ್ ಇದ್ದದ್ದು 2014ರಲ್ಲಿ ಹೊಸಪೇಟೆ ಆಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬಂತು. ಮಗಳ ಒಂದೊಂದು ಸರ್ಟಿಫಿಕೇಟಿನಲ್ಲೂ ಒಂದೊಂದು ಥರ.

ಮೊದಲು ಹೋದದ್ದು ಕಂಪ್ಲಿಗೆ, ನನ್ನ ತವರಿಗೆ. ಅವಳು ಹುಟ್ಟಿದ್ದೂ ಅಲ್ಲೇ. ದಾರಿಯುದ್ದಕ್ಕೂ ಬಾಳೆ ತೋಟ, ಕಬ್ಬು, ಊರು ಹತ್ತಿರವಾದಂತೆ ಭತ್ತದ ಗದ್ದೆ. ತುಂಗಭದ್ರೆ ತುಂಬಿ ಬಂದರೆ ಸೇತುವೆ ಮುಳುಗಿ ಗಂಗಾವತಿಯ ದಾರಿ ಕಟ್ಟಾಗುವ ಊರದು. 2001ರ ಜನನ ಪತ್ರದಲ್ಲಿ 'ಹೊಸಪೇಟೆ ತಾಲ್ಲೂಕು, ಬಳ್ಳಾರಿ ಜಿಲ್ಲೆ' ಎಂದಿತ್ತು. ಈಗ ಕಂಪ್ಲಿಯೇ ಒಂದು ತಾಲ್ಲೂಕು. ಅದು ಬಳ್ಳಾರಿಯಲ್ಲೇ ಉಳಿಯಿತು, ಹೊಸಪೇಟೆ ಬೇರೆ ಜಿಲ್ಲೆಯಾಯಿತು. ಕಚೇರಿಯ ಗುಮಾಸ್ತರು ನಕ್ಕು, "ಪತ್ರದಾಗ ಹೆಂಗೈತಿ ಹಂಗ ಬರೀರಿ ಅಮ್ಮಾ. ಈಗಿನ ತಾಲ್ಲೂಕು ಪಕ್ಕಕ್ಕ ಬರೀರಿ" ಅಂದರು. ಅಷ್ಟು ಹೇಳುವವರು ಸಿಕ್ಕಿದ್ದೇ ಪುಣ್ಯ. ಆ ಖುಷಿಗೆ ಬಸ್‌ಸ್ಟ್ಯಾಂಡಿನಲ್ಲಿ ಒಗ್ಗರಣೆ-ಮಿರ್ಚಿ ತಿಂದೆವು, ಬುತ್ತಿ ಹಾಗೇ ಉಳಿಯಿತು.

ಬರುವಾಗ ಹಂಪಿಯ ಪಕ್ಕದ ಕಮಲಾಪುರದಲ್ಲಿ ಇಳಿದೆವು. ಅದು ನಮ್ಮವರ ಮೂಲ ಊರು, ನಾದಿನಿಯ ಮನೆ. ಪರೀಕ್ಷೆಗೆ ಓದಲೆಂದು ಮಗಳು ಅಲ್ಲಿ ಒಂದೂವರೆ ವರ್ಷ ಇದ್ದಳು. ಬೆಳಿಗ್ಗೆ ಕೆರೆ ಏರಿ ಮೇಲೆ ಪುಸ್ತಕ ಹಿಡಿದು ಕೂರುತ್ತಿದ್ದಳಂತೆ. ಆ ವಿಳಾಸವೂ ಫಾರಂನಲ್ಲಿ ಬರಬೇಕು. ವಿಚಾರಣೆಗೆ ಬಂದವರು ಅಕ್ಕಪಕ್ಕದವರನ್ನೂ ಕೇಳಬಹುದು. ನೆರೆಯವರಿಗೆ ಮೊದಲೇ ವಿಷಯ ತಿಳಿಸಿಡಿ, ಉತ್ತರ ಮಾತ್ರ ಕಲಿಸಲು ಹೋಗಬೇಡಿ.

ನನ್ನ ದಿಗಿಲೆಲ್ಲ ಇದ್ದದ್ದು ಸಂಡೂರಿನ ಕಾಲದ್ದು. ನಮ್ಮವರು ಆಗ ಅಲ್ಲಿ ಗಣಿ ಕೆಲಸದಲ್ಲಿದ್ದರು. ಮಳೆ ಬಿದ್ದರೆ ಆ ಗುಡ್ಡಗಳ ಹಸಿರು ನೋಡಬೇಕು! ರಸ್ತೆ ಬದಿಯ ಗಿಡಗಳು ಮಾತ್ರ ಅದಿರಿನ ಧೂಳಿಗೆ ಕೆಂಪು. ಮಗಳು ಪಿ.ಯು.ಸಿ.ವರೆಗೆ ಅಲ್ಲೇ ಓದಿ, ಕಾಲೇಜಿನ ಮೊದಲ ವರ್ಷ ಹೊಸಪೇಟೆಗೆ ಬಸ್ಸಿನಲ್ಲಿ ಓಡಾಡಿದಳು. 2019ರಲ್ಲಿ ಬಸ್ಸು ಸಾಲದೆ ಹುಡುಗರು ರಸ್ತೆಯಲ್ಲಿ ಕೂತರು, ಇವಳೂ ಕೂತಳು. ಕೇಸಾಯಿತು. ಕೋರ್ಟಿನಲ್ಲಿ ಸಾಕ್ಷಿ ಸಾಲದೆ ಎಲ್ಲರೂ ಬಿಡುಗಡೆಯಾದರು. ಫಾರಂನಲ್ಲಿ ಒಂದು ಪ್ರಶ್ನೆ: ಎಂದಾದರೂ ನಿಮ್ಮ ಮೇಲೆ ಮೊಕದ್ದಮೆ ಹೂಡಲಾಗಿತ್ತೆ?

"ಮುಗಿದ ಕೇಸು, 'ಇಲ್ಲ' ಅಂತ ಬರೆದುಬಿಡು" ಅಂದರು ನಮ್ಮತ್ತೆ. ಪರಿಚಯದ ವಕೀಲರು ಬಿಲ್‌ಕುಲ್ ಬೇಡ ಅಂದರು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಬಂಧನವಾಗಲಿ ಬಿಡುಗಡೆಯಾಗಲಿ ನಿಜವನ್ನೇ ತಿಳಿಸಬೇಕು, ಮುಚ್ಚಿಡಬಾರದು ಎಂದು ಹೇಳಿದೆಯಂತೆ. ಹೇಳಿದ ಮಾತ್ರಕ್ಕೆ ಕೆಲಸ ಖಾತ್ರಿ ಎಂದೇನಲ್ಲ, ಪೂರ್ವಾಪರ ತೂಗಿನೋಡುವ ಅಧಿಕಾರ ಇಲಾಖೆಗಿದೆ. ಆದರೆ ಮುಚ್ಚಿಟ್ಟದ್ದು ಹೊರಬಿದ್ದರೆ ಅದೇ ಒಂದು ತಪ್ಪಾಗಿ, ಸಿಕ್ಕ ಕೆಲಸವೂ ಹೋದೀತು.

ಸಂಡೂರಿನಲ್ಲಿ ಶಾಲೆಯ ಕಾಗದಗಳ ಕೆಲಸ ಒಂದು ಗಳಿಗೆಯಲ್ಲಿ ಮುಗಿಯಿತು. ಕೋರ್ಟಿನ ಆದೇಶದ ದೃಢೀಕೃತ ಪ್ರತಿಗೆ ಮಾತ್ರ ಮೂರು ಸಲ ಅಲೆದೆವು. ಪ್ರತಿ ಕೈಗೆ ಬಂದ ದಿನ ಮಗಳು ಆ ಪ್ರಶ್ನೆಯ ಮುಂದೆ 'ಹೌದು' ಎಂದು ಬರೆದು, ಆದೇಶ ಲಗತ್ತಿಸಿದಳು. ನಾನು ಏನೂ ಮಾತಾಡಲಿಲ್ಲ.

ಫಾರಂ ಸ್ಪೀಡ್ ಪೋಸ್ಟಿನಲ್ಲಿ ಹೋಗಿದೆ. ಠಾಣೆಯಿಂದ ಇನ್ನೂ ಯಾರೂ ಬಂದಿಲ್ಲ. ಗೇಟಿನ ಸದ್ದಾದರೆ ಸಾಕು, ಎಲ್ಲರಿಗಿಂತ ಮೊದಲು ಕಿಟಕಿಗೆ ಹೋಗುವವರು ನಮ್ಮತ್ತೆಯೇ.